ಎತ್ತದೇ ಉಳಿದ ಬೆರಳು

ಎತ್ತಬಹುದಾಗಿತ್ತು. ಎರಡು ಸೆಕೆಂಡಿನ ಕೆಲಸ. ಓಟ್ಸ್ ಗಂಜಿಯನ್ನು ಚಮಚದಿಂದ ತಿರುವುತ್ತ ಕೂತಿದ್ದ ಮ್ಯಾಲಕಿ ಟೂಹಿ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ತನ್ನ ಬಲಗೈ ತೋರುಬೆರಳನ್ನು ನೋಡಿದ. ಐವತ್ತಾರು ವರ್ಷ ಅದು ಹೇಳಿದ ಮಾತು ಕೇಳಿಕೊಂಡು ಬಂದಿತ್ತು. ಸಹಕಾರ ಸಂಘದ ಅಂಗಡಿಯಲ್ಲಿ ಕರುಗಳ ಔಷಧಿ ಯಾವ ಕಪಾಟಿನಲ್ಲಿದೆ ಎಂದು ತೋರಿಸುವುದರಿಂದ ಹಿಡಿದು ಕಿವಿ ಕೆರೆಯುವವರೆಗೆ ಎಲ್ಲವನ್ನೂ ತಕರಾರಿಲ್ಲದೆ ಮಾಡಿತ್ತು. ಹೋದ ಶನಿವಾರ ನಾಕ್‌ಬ್ರಾಕ್ ಗುಡ್ಡದ ಇಳಿಜಾರಿನಲ್ಲಿ ಜಾರ್ಲತ್ ಕನ್ಸಿಡೈನನ ನೀಲಿ ಕಾರು ಎದುರು ಬಂದಾಗ ಮಾತ್ರ ಸೈಕಲ್ಲಿನ ಬ್ರೇಕನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಿತು. ಕಾರಿನ ಗಾಜಿನ ಹಿಂದೆ, ಸ್ಟೀರಿಂಗ್ ಮೇಲೆ, ಜಾರ್ಲತನ ಬೆರಳು ಎದ್ದದ್ದನ್ನು ಮ್ಯಾಲಕಿ ಸ್ಪಷ್ಟವಾಗಿ ಕಂಡಿದ್ದ. ಅರೆಬರೆ ಎದ್ದದ್ದಲ್ಲ, ನೆಟ್ಟಗೆ, ಮನಸ್ಸಿಟ್ಟು ಎದ್ದದ್ದು. ಕ್ಷಮಿಸಿದ್ದೇನೆ ಎನ್ನುವಂತೆ ಎದ್ದದ್ದು. ಅದಕ್ಕೆ ಉತ್ತರವಾಗಿ ಮ್ಯಾಲಕಿ ಹಲ್ಲು ಕಚ್ಚಿ, ಕಣ್ಣು ಕಿರಿದು ಮಾಡಿ, ಎರಡೂ ಕೈಯಲ್ಲಿ ಬ್ರೇಕ್ ಅದುಮಿ ಹಾದುಹೋದ. ಆ ಮುಖವನ್ನು ಕಾರಿನೊಳಗಿಂದ ನೋಡಿದವನಿಗೆ ಏನನ್ನಿಸಿರಬೇಡ.

ನಮ್ಮ ಕಡೆ ರಸ್ತೆಯಲ್ಲಿ ಎದುರಾದವರಿಗೆ, ಗುರುತಿರಲಿ ಇಲ್ಲದಿರಲಿ, ಸ್ಟೀರಿಂಗ್ ಮೇಲಿಂದ ತೋರುಬೆರಳನ್ನು ಒಂದಿಷ್ಟು ಎತ್ತಿ ಇಳಿಸುವುದು ಇದ್ದದ್ದೇ. ಕೈಯೆಲ್ಲ ಬೀಸುವವರು ಡಬ್ಲಿನ್‌ನಿಂದ ಬಂದವರು. ಎರಡು ಬೆರಳು ಎತ್ತಿದವನು ಚುನಾವಣೆಗೆ ನಿಂತಿದ್ದಾನೆ ಎಂದು ತಿಳಿಯಬೇಕು. ಏನೂ ಎತ್ತದವನು ಒಂದೋ ಪರದೇಶಿ, ಇಲ್ಲವೇ ನಿಮ್ಮ ಮೇಲೆ ಹಗೆ ಇರುವವನು. ಮ್ಯಾಲಕಿ ಪರದೇಶಿಯಲ್ಲ ಎನ್ನುವುದು ಜಾರ್ಲತನಿಗೆ ಒಂದನೇ ತರಗತಿಯಿಂದ ಗೊತ್ತು.

“ಅದೊಂದು ಬೆರಳು ಮ್ಯಾಲಕಿ,” ಎಂದಳು ಹೆಂಡತಿ ಡರ್ವ್ಲಾ, ಟೋಸ್ಟಿಗೆ ಬೆಣ್ಣೆ ಸವರುತ್ತ. “ಅವನೇನು ಡೈರಿ ಬರೆದಿಟ್ಕೊಂಡಿರ್ತಾನಾ, ಇಂಥವನು ಇಂಥ ದಿನ ಬೆರಳೆತ್ತಲಿಲ್ಲ ಅಂತ?”

“ನಾನು ಬರೆದಿಟ್ಕೊಳ್ತಿದ್ದೆ.”

“ಫೋನ್ ಮಾಡಿಬಿಡು ಮತ್ತೆ.”

“ಮಾಡಿ ಏನಂತ ಹೇಳ್ಲಿ? ಬ್ರೇಕ್ ಹಿಡ್ಕೊಂಡಿದ್ದೆ, ನಮಸ್ಕಾರ ಅಂತಾನಾ?”

“ಹೋಗ್ಲಿ, ಅವನು ಪ್ರತಿ ಶನಿವಾರ ಹನ್ನೊಂದಕ್ಕೆ ಗುಡ್ಡ ಹತ್ತಿ ಆಚೆ ಸಮಾಧಿಗೆ ಹೋಗ್ತಾನೆ, ಅಮ್ಮನ ಹೂವಿಗೆ ನೀರು ಹಾಕೋಕೆ. ಹನ್ನೆರಡೂವರೆಗೆ ಇಳಿದು ಬರ್ತಾನೆ. ಎದುರು ಹೋಗಿ ಹತ್ತೂ ಬೆರಳು ಎತ್ತು. ಆದ್ರೆ ನಿನ್ನ ಹೊಟ್ಟೆ ಒಳಗಿರೋದು ಬೆರಳಲ್ಲ, ಅದು ನಂಗೂ ಗೊತ್ತು, ನಿಂಗೂ ಗೊತ್ತು.”

ಅವಳು ಹೇಳಿದ್ದು ಸರಿ, ಸರಿಯಾದ್ದರಿಂದಲೇ ಅವನು ಹಿತ್ತಲಿಗೆ ಹೋಗಿ ಟೈರಿಗೆ ಗಾಳಿ ಹೊಡೆಯತೊಡಗಿದ. ಪಂಪಿನ ಒಂದೊಂದು ಒತ್ತಿಗೂ ಮಾರ್ಚಿನ ಆ ಮಂಗಳವಾರ ಮೇಲೆದ್ದು ಬಂತು. ಬೆಳಗಿನ ರೇಡಿಯೋದಲ್ಲಿ ಸಾವಿನ ಸುದ್ದಿ ಓದುವ ಹೆಂಗಸು “ನೋನಿ ಕನ್ಸಿಡೈನ್” ಎಂದದ್ದು ಅವನ ಕಿವಿಗೆ ಬಿದ್ದಿತ್ತು. ಆಮೇಲಿನ ಊರಿನ ಹೆಸರನ್ನು ಕುದಿಯುವ ಕೆಟಲಿನ ಸದ್ದು ನುಂಗಿತು. ಜಾರ್ಲತನ ತಾಯಿ ನೋನಿ ಆಸ್ಪತ್ರೆಯಲ್ಲಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅದೇ ವಾರ ಏಳು ಮೈಲಿ ದೂರದ ಕಿಲ್‌ಡೂನಿನಲ್ಲಿ ಇನ್ನೊಬ್ಬ ನೋನಿ ಕನ್ಸಿಡೈನ್ ಕೂಡ ತೀರಿಕೊಳ್ಳಬಹುದು ಎಂದು ಯಾರಿಗೆ ಹೊಳೆಯಬೇಕು. ಅವನು ಕರಿ ಟೈ ಕಟ್ಟಿಕೊಂಡು, ಮಣ್ಣು ಎಲ್ಲಿ ಎಂದು ಓದುವಾಗ ರೇಡಿಯೋದವಳು ಹೇಳಿದ್ದ ಕಿಲ್‌ಡೂನಿಗೆ ಹೋದ. ಜಾರ್ಲತನ ತಾಯಿಯ ತವರು ಆ ಕಡೆ ಇರಬೇಕು ಎಂದುಕೊಂಡ. ಸಾಲಿನಲ್ಲಿ ನಿಂತು ಹನ್ನೊಂದು ಜನರ ಕೈ ಕುಲುಕಿ ಹನ್ನೊಂದು ಸಲ “ನಿಮ್ಮ ದುಃಖಕ್ಕೆ ನನಗೂ ದುಃಖ” ಎಂದ. ಜಾರ್ಲತ್ ಕಾಣಲಿಲ್ಲ, ಸಿಗರೇಟಿಗೆ ಹೊರಗೆ ಹೋಗಿರಬೇಕು ಎಂದುಕೊಂಡ. ತೆರೆದಿಟ್ಟ ಶವಪೆಟ್ಟಿಗೆಯೊಳಗೆ ನೋಡಿದ. ಜಾರ್ಲತನ ತಾಯಿ ಎತ್ತರದ, ಎಲುಬಿನ, ಗದರುವ ಮುಖದ ಹೆಂಗಸು. ಇಲ್ಲಿ ಮಲಗಿದ್ದವಳು ಗಿಡ್ಡಗೆ, ದುಂಡಗೆ, ಈಗಷ್ಟೇ ಕೇಕ್ ತಿಂದವಳ ಹಾಗೆ ಇದ್ದಳು. ಕಾಯಿಲೆ ಮನುಷ್ಯರನ್ನು ಎಷ್ಟು ಬದಲಾಯಿಸಿಬಿಡುತ್ತದೆ ಎಂದು ಮ್ಯಾಲಕಿ ಮನಸಾರೆ ಮರುಗಿದ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆಯ ತಲೆಯ ಬಳಿ ನಿಂತಿದ್ದ ಬೋಳುತಲೆಯವನಿಗೆ ಅವನು ಕಣ್ಣಲ್ಲಿ ನೀರು ತುಂಬಿಕೊಂಡು, ಸ್ಕೂಲಿಂದ ಬರುವಾಗ ಆಕೆ ತನಗೆ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ ಸಕ್ಕರೆ ಉದುರಿಸಿ ಕೊಡುತ್ತಿದ್ದಳು, ತನಗೆ ಆಕೆ ಎರಡನೇ ತಾಯಿ ಎಂದುಬಿಟ್ಟ. ಬೋಳುತಲೆಯವನು ಬಹಳ ಹೊತ್ತು ಅವನನ್ನೇ ನೋಡಿದ. “ನಮಗ್ಯಾರಿಗೂ ಸಕ್ಕರೆ ಕೊಟ್ಟವಳಲ್ಲ ಅವಳು,” ಎಂದು ಹೇಳಿ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಚರ್ಚಿನಲ್ಲಿ ಪಾದ್ರಿ “ನಾಲ್ವರು ಹೆಣ್ಣುಮಕ್ಕಳ, ಮೂವರು ಗಂಡುಮಕ್ಕಳ ತಾಯಿ” ಎಂದಾಗ ಮ್ಯಾಲಕಿಯ ಬೆನ್ನು ತಣ್ಣಗಾಯಿತು. ಜಾರ್ಲತ್ ಒಬ್ಬನೇ ಮಗ. ಎದ್ದು ಹೋಗೋಣವೆಂದರೆ ಅವನನ್ನು ಎರಡನೇ ಸಾಲಿನಲ್ಲಿ ಮನೆಯವರ ನಡುವೆ ಕೂರಿಸಿದ್ದರು. ಹೆಗಲು ಕೊಡುವವರಲ್ಲಿ ಒಬ್ಬ ಕಡಿಮೆ ಬಿದ್ದಾಗ ಬೋಳುತಲೆಯವನು ಇವನತ್ತ ತಿರುಗಿ, ಅವಳಿಗೆ ಇಷ್ಟವಾಗುತ್ತಿತ್ತು ಎಂದ. ಹೀಗೆ ಮ್ಯಾಲಕಿ ಟೂಹಿ ಬದುಕಿದ್ದಾಗ ಮುಖವನ್ನೇ ನೋಡಿರದ ಹೆಂಗಸನ್ನು ಗುಂಡಿಯವರೆಗೂ ಹೊತ್ತ, ಹ್ಯಾಮ್ ಸ್ಯಾಂಡ್‌ವಿಚ್ಚನ್ನೂ ತಿಂದ. ಅದೇ ಗಳಿಗೆಯಲ್ಲಿ, ಏಳು ಮೈಲಿ ಆಚೆ, ಅವನ ಜೀವದ ಗೆಳೆಯನ ತಾಯಿಯನ್ನು ಮಣ್ಣು ಮಾಡುತ್ತಿದ್ದರು.

ಮರುದಿನವೇ ಹೇಳಿಬಿಡಬೇಕಿತ್ತು. ಮರುದಿನ ಅದು ತಮಾಷೆಯ ಹಾಗೆ ಕೇಳಿಸುತ್ತದೆ ಅನ್ನಿಸಿತು. ವಾರ ಕಳೆದ ಮೇಲೆ ಸುಳ್ಳಿನ ಹಾಗೆ ಕೇಳಿಸುತ್ತದೆ ಅನ್ನಿಸಿತು. ತಿಂಗಳಾದ ಮೇಲೆ ಜಾರ್ಲತನ ಮನೆಯ ಚಿಮಣಿ ಕಂಡರೂ ಸೈಕಲ್ಲು ತಿರುಗಿಸತೊಡಗಿದ. ಅವನ ಶನಿವಾರದ ಸೈಕಲ್ ದಾರಿ ಇದ್ದದ್ದೇ ಆ ಮನೆಯ ಮುಂದೆ, ಹದಿನಾಲ್ಕು ವರ್ಷದಿಂದ. ಕೌಂಟಿ ಆಡಳಿತದವರು ಅಚ್ಚು ಹಾಕಿಸಿದ ನಕಾಶೆಯಲ್ಲಿ ಅದಕ್ಕೆ ನಾಲ್ಕನೇ ಸುತ್ತು ಎಂದು ಹೆಸರು, ನಲವತ್ತೆರಡು ಕಿಲೋಮೀಟರು. ಊರವರು ಇಪ್ಪತ್ತಾರು ಮೈಲಿ ಎನ್ನುತ್ತಾರೆ. ಆ ಮನೆಯನ್ನು ತಪ್ಪಿಸಲು ಮ್ಯಾಲಕಿ ಊರವರು ಹಾಲು ಹಾಕುವ ಕ್ರೀಮರಿಯ ಹಿಂದಿನ ಓಣಿ ಹಿಡಿದು, ನಾಕ್‌ಬ್ರಾಕನ್ನು ಹತ್ತಿ ಇಳಿದು, ನಾಲ್ಕು ಕಿಲೋಮೀಟರು ಸುತ್ತು ಹಾಕತೊಡಗಿದ್ದ. ನಾಚಿಕೆಗೆ ಅವನು ಕೊಡುತ್ತಿದ್ದ ದಂಡ ಒಂದು ಗುಡ್ಡ. ಜಾರ್ಲತನನ್ನು ತಪ್ಪಿಸಲು ಹಿಡಿದ ಆ ದಾರಿಯಲ್ಲೇ ಜಾರ್ಲತ್ ಸಿಕ್ಕಿದ್ದ.

ಇವತ್ತು ಅವನು ಸುತ್ತನ್ನು ತಿರುವುಮುರುವು ಮಾಡಿದ. ಲೆಕ್ಕ ಸರಳವಾಗಿತ್ತು. ಇಳಿಯುವಾಗ ಎರಡೂ ಕೈ ಬ್ರೇಕಿಗೆ ಬೇಕು, ಹತ್ತುವಾಗ ಒಂದು ಕೈ ಬಿಡಬಹುದು. ಹನ್ನೆರಡೂವರೆಗೆ ಜಾರ್ಲತ್ ಇಳಿದು ಬರುವಾಗ ಮ್ಯಾಲಕಿ ಅದೇ ಇಳಿಜಾರನ್ನು ಹತ್ತುತ್ತಿರಬೇಕು. ಆದರೆ ಹದಿನಾಲ್ಕು ವರ್ಷ ಬಲಕ್ಕೆ ತಿರುಗಿದ ಚರ್ಚಿನ ಮೂಲೆಯಲ್ಲಿ ಎಡಕ್ಕೆ ತಿರುಗುವಾಗ ಅವನಿಗೆ ಯಾರದೋ ಮನೆಗೆ ಹಿತ್ತಲಿನಿಂದ ನುಗ್ಗಿದ ಹಾಗಾಯಿತು. ಇಳಿಜಾರೆಂದು ನಂಬಿದ್ದ ಜಾಗಗಳೆಲ್ಲ ಏರಾಗಿದ್ದವು. ‘ಮೆಲ್ಲಗೆ ಏರಿಳಿಯುವ ಹಸಿರು ನಾಡು’ ಎಂದು ಆ ನಕಾಶೆಯಲ್ಲಿ ಬರೆದಿದೆ. ಬರೆದವನು ಕಾರಿನಲ್ಲಿ ಹೋಗಿದ್ದ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಮೆಲ್ಲಗೆ ಏರುವುದು ನಾವು, ನಾಡಲ್ಲ. ಒಂದು ಏರು ಮುಗಿಯಿತು ಎನ್ನುವಾಗ ತಿರುವಿನ ಹಿಂದೆ ಅದರ ತಮ್ಮ ಕಾದಿರುತ್ತಾನೆ. ನಡುವೆ ಹುಲ್ಲು ಬೆಳೆದ ಡಾಂಬರು, ಎರಡೂ ಕಡೆ ಎದೆಮಟ್ಟದ ಮುಳ್ಳುಬೇಲಿ, ಯಾರೋ ನಿನ್ನೆ ತಾನೇ ಗದ್ದೆಗೆ ಸುರಿದ ಸೆಗಣಿ ನೀರಿನ ವಾಸನೆ. ಗಾಳಿ ಯಾವ ಕಡೆ ತಿರುಗಿದರೂ ಎದುರಿನಿಂದಲೇ ಬೀಸುತ್ತಿತ್ತು.

ಮೂರನೇ ಮೈಲಿಯ ಗೇಟಿನ ಮೇಲೆ ಮೊಣಕೈ ಊರಿ ನಿಂತಿದ್ದ ಮುದುಕ ಸೆನನ್ ಬಾಯಿಂದ ಪೈಪ್ ತೆಗೆದ.

“ಏನಾಯ್ತಪ್ಪಾ?”

“ಏನೂ ಆಗಿಲ್ಲ ಸೆನನ್ ಮಾಮ.”

“ವಾಪಸ್ ಬರ್ತಾ ಇದೀಯಾ, ಇನ್ನೂ ಹೋಗ್ತಾ ಇದೀಯಾ?”

“ಹೋಗ್ತಾ ಇದೀನಿ.”

“ಉಲ್ಟಾ ಹೋಗ್ತಾ ಇದೀಯಲ್ಲೋ.” ಸೆನನ್ ರಸ್ತೆಯ ಎರಡೂ ತುದಿ ನೋಡಿದ. “ಡರ್ವ್ಲಾಗೆ ಗೊತ್ತಾ?”

ಗೊತ್ತು ಎಂದು ಹೇಳಿ ಮ್ಯಾಲಕಿ ಪೆಡಲ್ ತುಳಿದ. ಹನ್ನೆರಡರ ಹೊತ್ತಿಗೆ ಊರಿಗೆಲ್ಲ ಸುದ್ದಿ ಮುಟ್ಟಿರುತ್ತದೆ, ಟೂಹಿ ಉಲ್ಟಾ ತಿರುಗುತ್ತಿದ್ದಾನೆ, ಆ ಮನೆಯಲ್ಲಿ ಏನೋ ಸರಿಯಿಲ್ಲ.

ಬೆರಳಿಗೆ ಅಭ್ಯಾಸ ಬೇಕಿತ್ತು. ನೇರ ದಾರಿ ಸಿಕ್ಕಲ್ಲೆಲ್ಲ ಅವನು ಹ್ಯಾಂಡಲಿನಿಂದ ಬಲಗೈ ಬಿಟ್ಟು ಬೆರಳೆತ್ತಿ ನೋಡಿದ. ಬರೀ ಬೆರಳು ಸಾಲದು ಅನ್ನಿಸಿತು, ಮೂರು ತಿಂಗಳ ಬಾಕಿ ಅದು. ಕೈ ಪೂರ್ತಿ ಎತ್ತಿದರೆ ಡಬ್ಲಿನ್ನಿನವನ ಹಾಗೆ ಆಗುತ್ತದೆ. ಬೆರಳೆತ್ತಿ, ಜೊತೆಗೆ ತಲೆಯನ್ನು ಒಂದಿಷ್ಟು ಬಗ್ಗಿಸಿ, ಮುಖದಲ್ಲಿ ಪಶ್ಚಾತ್ತಾಪ ತಂದುಕೊಂಡರೆ? ಪಶ್ಚಾತ್ತಾಪಕ್ಕೆ ಹುಬ್ಬು ಮೇಲೆ ಹೋಗಬೇಕೋ ಕೆಳಗೆ ಬರಬೇಕೋ ಅವನಿಗೆ ನಿರ್ಧಾರವಾಗಲಿಲ್ಲ. ಒಂದು ಹಸುವಿಗೆ ಹುಬ್ಬೆತ್ತಿ ಮಾಡಿ ನೋಡಿದ, ಅದು ಮುಖ ತಿರುಗಿಸಿತು. ಎದುರಿಂದ ಬಂದ ಜರ್ಮನ್ನರ ದೊಡ್ಡ ಪ್ರವಾಸಿ ವ್ಯಾನಿಗೆ ಹುಬ್ಬಿಳಿಸಿ, ಬೆರಳೆತ್ತಿ, ತಲೆ ಬಗ್ಗಿಸಿದ. ವ್ಯಾನು ಕಿರ್ರೆಂದು ನಿಂತಿತು. ನೀಲಿ ಕಣ್ಣಿನ ದಂಪತಿ ಇಳಿದು ಬಂದು ಅವನನ್ನು ಬೇಲಿಯ ಪಕ್ಕ ಕೂರಿಸಿದರು, ನಾಡಿ ಹಿಡಿದು ನೋಡಿದರು, ಬಾಳೆಹಣ್ಣು ತಿನ್ನಿಸಿದರು. ಏನೂ ಆಗಿಲ್ಲ, ಸುಮ್ಮನೆ ನಮಸ್ಕಾರ ಮಾಡಿದ್ದು ಎಂದರೆ ಅವರು ನಂಬಲಿಲ್ಲ. ಆ ಮುಖ ನಮಸ್ಕಾರದ ಮುಖವಲ್ಲ ಎಂದು ಆ ಹೆಂಗಸು ಕಟ್ಟುನಿಟ್ಟಾಗಿ ಹೇಳಿದಳು. ಹದಿನೈದು ನಿಮಿಷ ಹಾಗೆ ಹೋಯಿತು. ಬಾಳೆಹಣ್ಣಿನ ಸಿಪ್ಪೆಯನ್ನು ಜೇಬಿನಲ್ಲಿಟ್ಟುಕೊಂಡು ಹೊರಟಾಗ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಗೆಳೆಯನ ಮನೆಯ ಬಾಗಿಲು ತಟ್ಟಲು ಧೈರ್ಯವಿಲ್ಲದೆ, ಬಿಗಿ ಚಡ್ಡಿ ಹಾಕಿಕೊಂಡು, ಅರ್ಧ ಕೌಂಟಿ ಸುತ್ತಿ, ಅವನಿಗೊಂದು ಬೆರಳು ತೋರಿಸಲು ಹೋಗುತ್ತಿರುವ ಮುದಿ ಹೇಡಿ.

ನಾಕ್‌ಬ್ರಾಕಿನ ಬುಡ ಮುಟ್ಟಿದಾಗ ಹನ್ನೆರಡು ಮೂವತ್ತೈದು. ಮೊದಲ ತಿರುವಿನಲ್ಲೇ ಉಸಿರು ಹೋಯಿತು. ಈ ಗುಡ್ಡವನ್ನು ಈ ಕಡೆಯಿಂದ ಅವನು ಯಾವತ್ತೂ ಹತ್ತಿರಲಿಲ್ಲ. ಇಳಿಯುವಾಗ ಇದು ಮುಗಿಯುವುದೇ ಬೇಡ ಅನ್ನಿಸುತ್ತಿತ್ತು, ಹಾಗೆ ಕೇಳಿಕೊಂಡದ್ದು ಈಗ ಫಲಿಸಿತ್ತು. ಒಂದು ಬಸವನಹುಳು ಬೇಲಿಯ ಕಲ್ಲಿನ ಮೇಲೆ ಜೊತೆಜೊತೆಗೇ ಬಂದು ಸ್ವಲ್ಪ ಮುಂದೆಯೂ ಹೋದಂತೆ ಅವನಿಗೆ ಕಂಡಿತು. ಎರಡನೇ ತಿರುವಿನ ಮೇಲೆ ನೀಲಿ ಬಣ್ಣ ಮಿನುಗಿತು. ಬಂದ. ಕಾರು ಇಪ್ಪತ್ತು ಗಜದಲ್ಲಿತ್ತು. ಸ್ಟೀರಿಂಗ್ ಮೇಲೆ ಜಾರ್ಲತನ ಬೆರಳು ಆಗಲೇ ಎದ್ದಿತ್ತು, ಅದೇ ನೆಟ್ಟನೆಯ, ದೊಡ್ಡ ಮನಸ್ಸಿನ ಬೆರಳು. ಇಷ್ಟೆಲ್ಲ ಆದಮೇಲೂ ಅವನೇ ಮೊದಲು ಎತ್ತಿದ್ದ. ಮ್ಯಾಲಕಿ ಹ್ಯಾಂಡಲಿನಿಂದ ಕೈ ತೆಗೆದು, ಬೆರಳಲ್ಲ, ಇಡೀ ತೋಳನ್ನು ಆಕಾಶಕ್ಕೆ ಎತ್ತಿದ. ಆ ವೇಗದಲ್ಲಿ, ವೇಗವೇ ಇಲ್ಲದ ಆ ವೇಗದಲ್ಲಿ, ಸೈಕಲ್ಲು ನಿಂತೇಬಿಟ್ಟಿತು. ಪೆಡಲಿಗೆ ಸಿಕ್ಕಿಸಿಕೊಳ್ಳುವ ಸೈಕಲ್ ಬೂಟು ಬಿಡದೆ ಕಚ್ಚಿಕೊಂಡಿತ್ತು. ತೋಳು ಎತ್ತಿದ ಭಂಗಿಯಲ್ಲೇ, ಬಹಳ ನಿಧಾನವಾಗಿ, ಬಹಳ ಗೌರವದಿಂದ ಅವನು ಎಡಕ್ಕೆ ವಾಲಿ ತುರಿಕೆ ಗಿಡಗಳ ಹಳ್ಳದೊಳಗೆ ಬಿದ್ದ.

ಕಾರಿನ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಹಳ್ಳದ ಮೇಲಿಂದ ಜಾರ್ಲತನ ಉದ್ದ ಮುಖ ಕಾಣಿಸಿತು, ತಾಯಿಯದೇ ಎಲುಬು, ತಾಯಿಯದೇ ಗದರುವ ಹುಬ್ಬು.

“ಏನ್ ಮಾಡ್ತಿದೀಯಾ ಅಲ್ಲಿ?”

“ನಿಂಗೆ ನಮಸ್ಕಾರ ಮಾಡ್ತಿದ್ದೆ.”

“ಹೋದ ವಾರ ಮಾಡ್ಲಿಲ್ಲ.”

ಹಾಗಾದರೆ ಗಮನಿಸಿದ್ದ. ಕಾಲು ಬಿಡಿಸಿಕೊಳ್ಳಲು ಒದ್ದಾಡುತ್ತ ಮ್ಯಾಲಕಿ ತಲೆಯೆತ್ತಿ ನೋಡಿದ. ಕಾರಿನಿಂದಿಳಿದು ಬಂದಿದ್ದರೂ ಜಾರ್ಲತನ ತೋರುಬೆರಳು ಇನ್ನೂ ಎದ್ದೇ ಇತ್ತು. ಅದಕ್ಕೆ ಲೋಹದ ಪಟ್ಟಿ ಹಚ್ಚಿ ಬಿಳಿ ಬಟ್ಟೆ ಸುತ್ತಿ ನೆಟ್ಟಗೆ ಕಟ್ಟಿದ್ದರು.

“ಅದೇನೋ ಅದು?”

“ಗೇಟಿಗೆ ಸಿಕ್ಕಿ ಮುರೀತು. ತಿಂಗಳಾಯ್ತು. ಮಡಚಂಗಿಲ್ಲ ಅಂದಿದಾರೆ.”

“ಹಂಗಾದ್ರೆ ನೀನು ಹೋದ ವಾರ ನಂಗೆ ಬೆರಳೆತ್ತಲಿಲ್ವಾ?”

“ನಾನ್ಯಾಕೆ ಎತ್ಲಿ ನಿಂಗೆ?” ಎಂದ ಜಾರ್ಲತ್. ಮೇಲಿನ ತಿರುವಿನಿಂದ ಒಂದು ಟ್ರ್ಯಾಕ್ಟರ್ ಇಳಿದು ಬಂದು ಕಾರಿನ ಹಿಂದೆ ನಿಂತಿತು. ಓಡಿಸುತ್ತಿದ್ದ ಹೆಂಗಸು ಜಾರ್ಲತನ ಬೆರಳು ನೋಡಿ ತನ್ನ ಬೆರಳೆತ್ತಿದಳು, ಇಬ್ಬರೂ ಮಾತಾಡುತ್ತಿದ್ದಾರೆಂದು ತಿಳಿದು ಎಂಜಿನ್ ಆರಿಸಿ ಕಾಯುತ್ತ ಕೂತಳು. “ನೋಡು. ತಿಂಗಳಿಂದ ಹಿಂಗೇ. ದಾರೀಲಿ ಕಂಡೋರೆಲ್ಲ ಎತ್ತಿದ್ದೇ ಎತ್ತಿದ್ದು. ಬೆರಳಿಗೆ ಕಟ್ಟು ಹಾಕಿರೋದು ನಂಗೆ ಮರೆತೇ ಹೋಗಿತ್ತು ಕಣೋ. ಅಮ್ಮ ಹೋದ್ಮೇಲೆ ಜನಕ್ಕೆ ನನ್ ಮೇಲೆ ಎಷ್ಟು ಪ್ರೀತಿ ಬಂತಪ್ಪಾ ಅಂದ್ಕೊಂಡೆ. ನೀನೊಬ್ನೇ ಎತ್ತದೇ ಇದ್ದಿದ್ದು.”

ಮ್ಯಾಲಕಿ ಹಳ್ಳದಲ್ಲಿ ಎದ್ದು ಕೂತ. ಹೇಳಬೇಕಾದ್ದನ್ನು ಇನ್ನು ಮುಂದೂಡಲು ಜಾಗವಿರಲಿಲ್ಲ. “ನಾನು ಮಣ್ಣಿಗೆ ಬಂದಿದ್ದೆ ಜಾರ್ಲತ್.”

“ಬಂದಿರ್ಲಿಲ್ಲ. ಹೆಗಲು ಕೊಡೋಕೆ ಎಡಗಡೆ ಮುಂದಿನ ಜಾಗ ನಿಂಗೇ ಅಂತ ಇಟ್ಟಿದ್ದೆ. ಪಾದ್ರೀನ ಹತ್ತು ನಿಮಿಷ ಕಾಯ್ಸಿದೆ. ಕೊನೇಗೆ ಶವಪೆಟ್ಟಿಗೆ ಅಂಗಡಿಯವನು ಹೊತ್ತ. ಗಿಡ್ಡ ಅವನು. ಅಮ್ಮ ದಾರಿಯುದ್ದಕ್ಕೂ ವಾಲ್ಕೊಂಡೇ ಹೋದ್ಲು.”

“ಕಿಲ್‌ಡೂನಿಗೆ ಹೋದೆ ನಾನು. ಅಲ್ಲೂ ಒಬ್ಳು ನೋನಿ ಕನ್ಸಿಡೈನ್ ಇದ್ಲು. ಹೊತ್ತೆ ಕಣೋ, ಎಡಗಡೆ ಮುಂದೇನೇ ಹೊತ್ತೆ. ಬೇರೆಯವಳನ್ನ.”

ಟ್ರ್ಯಾಕ್ಟರಿನ ಹೆಂಗಸು ಕಿಟಕಿಯ ಗಾಜು ಇಳಿಸಿದ್ದು ಕೇಳಿಸಿತು.

“ಪೆಟ್ಟಿಗೆ ಒಳಗೆ ನೋಡ್ಲಿಲ್ವಾ ನೀನು?”

“ನೋಡ್ದೆ. ಕಾಯಿಲೆಯಿಂದ ಹಂಗಾಗಿದಾಳೆ ಅಂದ್ಕೊಂಡೆ.”

“ಹೆಂಗಾಗಿದ್ಲು?”

“ಗಿಡ್ಡ ಆಗಿದ್ಲು.”

ಜಾರ್ಲತನ ಮುಖ ಒಂದು ಸಲ ಸೆಟೆದುಕೊಂಡಿತು. ನಗುತ್ತಾನೋ ಹೊಡೆಯುತ್ತಾನೋ ಗೊತ್ತಾಗಲಿಲ್ಲ. ಅವನು ರಸ್ತೆಯಿಂದ ಇಳಿದು ಹಳ್ಳದ ಅಂಚಿನಲ್ಲಿ, ತುರಿಕೆ ಗಿಡ ನೋಡಿಕೊಂಡು, ಕುಕ್ಕರುಗಾಲಲ್ಲಿ ಕೂತ.

“ಎಲುಬಿಗೆ ವಾರಕ್ಕೊಂದು ಮಾತ್ರೆ ಇತ್ತು ಅವಳಿಗೆ,” ಎಂದ. “ಶನಿವಾರ, ಬರೀ ಹೊಟ್ಟೇಲಿ. ವಾರ ಮರೀತಾಳೆ ಅಂತ ನಾನು ಗೋಡೆ ಮೇಲೆ ಬರೆದು ಅಂಟಿಸಿದ್ರೆ ಕಿತ್ತು ಬಿಸಾಕಿದ್ಲು. ನಂಗೆ ಮ್ಯಾಲಕಿ ಸೈಕಲ್ಲಿದೆ, ನಿನ್ ಚೀಟಿ ಯಾಕೆ ಅಂದ್ಲು. ನೀನು ಕಿಟಕಿ ಮುಂದೆ ಹಾದು ಹೋದ್ರೆ ಮಾತ್ರೆ, ಅದಾದ್ಮೇಲೆ ತಿಂಡಿ. ನಿಂಗೆ ಪಂಕ್ಚರ್ ಆದ ದಿನ ಹನ್ನೆರಡಾದ್ರೂ ಉಪವಾಸ, ನಿಂಗೆ ಬೈಕೊಂಡು. ಅವಳು ಹೋದ್ಮೇಲೂ ಶನಿವಾರ ಕಿಟಕಿ ಹತ್ರ ನಾನೇ ನಿಂತ್ಕೋತಿದ್ದೆ. ನೀನು ಬರೋದೇ ಬಿಟ್ಟೆ.”

ಮ್ಯಾಲಕಿಗೆ ಮೈಯೆಲ್ಲ ಉರಿಯುತ್ತಿತ್ತು, ತೊಡೆ, ಮೊಣಕೈ, ಕಿವಿ. ಅವನು ಎದ್ದು ನಿಂತ. ಬಿಗಿ ಚಡ್ಡಿಗೆ ಕೆಸರು ಮೆತ್ತಿತ್ತು, ಹೆಲ್ಮೆಟ್ಟು ಒಂದು ಕಿವಿಯ ಮೇಲೆ ಜಾರಿತ್ತು. ಕಿಲ್‌ಡೂನಿನಲ್ಲಿ ಹನ್ನೊಂದು ಸಲ ಸಲೀಸಾಗಿ ಬಂದ ಮಾತು ಈಗ ಬಾಯಿಗೆ ಬರಲೇ ಇಲ್ಲ. ಮೂರು ತಿಂಗಳು ಒಬ್ಬ ಮನುಷ್ಯ ಕಿಟಕಿಯಲ್ಲಿ ನಿಂತು ಕಾದಿದ್ದ, ತಾನು ಕ್ರೀಮರಿಯ ಹಿಂದೆ ಓಡಿಹೋಗಿದ್ದ. ಅವನು ಕೈ ಮುಂದೆ ಚಾಚಿದ. ಜಾರ್ಲತನೂ ಎದ್ದು, ಸ್ವಲ್ಪ ಹೊತ್ತು ನೋಡಿ, ಕೈ ಕೊಟ್ಟ.

“ನಿನ್ನ ದುಃಖಕ್ಕೆ ನಂಗೂ ದುಃಖ ಕಣೋ,” ಎಂದು ಮ್ಯಾಲಕಿ ಆ ಕೈಯನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಅದುಮಿದ, ಕಟ್ಟು ಹಾಕಿದ್ದ ಬೆರಳನ್ನೂ ಸೇರಿಸಿ.

ಜಾರ್ಲತನ ಬಾಯಿಂದ ಬಂದ ಸದ್ದಿಗೆ ಬೇಲಿಯಾಚೆಯ ಕುರಿಗಳು ದಿಕ್ಕಾಪಾಲಾಗಿ ಓಡಿದವು. ಅವನ ಕಣ್ಣಿಂದ ನೀರು ಇಳಿಯತೊಡಗಿತು, ನಿಲ್ಲಲೇ ಇಲ್ಲ, ಕೆನ್ನೆಯ ಎಲುಬಿನ ಮೇಲೆ ಹರಿದು ಗದ್ದಕ್ಕೆ ಬಂತು.

“ಬೆರಳಾ?” ಎಂದು ಕೇಳಿದ ಮ್ಯಾಲಕಿ, ಗಾಬರಿಯಿಂದ.

“ಹೂಂ, ಬೆರಳು,” ಎಂದ ಜಾರ್ಲತ್. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.